ಮೊಲಗಳ ಕಥೆ, ಮಕ್ಕಳ ಭಯ

ಮಕ್ಕಳ ಕಥೆಯಲ್ಲಿ ಸಾವು ಬರಬಹುದೇ? ಇಂಗ್ಲೆಂಡಿನ ರಿಚರ್ಡ್ ಆಡಮ್ಸ್ ಕಾರು ಪ್ರಯಾಣದಲ್ಲಿ ತಮ್ಮ ಹೆಣ್ಣುಮಕ್ಕಳಿಗೆ ಹೇಳಿದ ಮೊಲಗಳ ಕಥೆ 1972ರಲ್ಲಿ ‘ವಾಟರ್‌ಶಿಪ್ ಡೌನ್’ ಕಾದಂಬರಿಯಾಯಿತು. 1978ರಲ್ಲಿ ಮಾರ್ಟಿನ್ ರೋಸನ್ ಅದನ್ನು ಅನಿಮೇಷನ್ ಚಿತ್ರ ಮಾಡಿದರು. ಬ್ರಿಟನ್ನಿನಲ್ಲಿ ಸಿಕ್ಕಿದ್ದು ಎಲ್ಲರೂ ನೋಡಬಹುದಾದ ‘ಯು’ ಪ್ರಮಾಣಪತ್ರ. ಮುದ್ದು ಮೊಲಗಳನ್ನು ನೋಡಲು ಹೋದ ಮಕ್ಕಳು ಕಂಡದ್ದು ಹೊಲದ ತುಂಬ ಹರಡುವ ರಕ್ತ, ಮುಚ್ಚಿದ ಬಿಲದಲ್ಲಿ ಉಸಿರುಗಟ್ಟುವ ಮೊಲಗಳು, ಉರುಳಿಗೆ ಕೊರಳು ಸಿಕ್ಕ ಬಿಗ್‌ವಿಗ್ ಎಂಬ ಮೊಲ. 2022ರಲ್ಲಿ ಚಿತ್ರದ ಪ್ರಮಾಣಪತ್ರ ‘ಪಿಜಿ’ ಆಯಿತು. ಅಂದರೆ, ಹಿರಿಯರ ಮಾರ್ಗದರ್ಶನವಿರಲಿ ಎಂದು.

ಆದರೆ ಬಿಗ್‌ವಿಗ್ ಉರುಳಿನಲ್ಲಿ ಸಾಯುವುದಿಲ್ಲ. ಗೆಳೆಯರು ಉರುಳಿನ ಗೂಟವನ್ನೇ ಹಲ್ಲಿನಿಂದ ಕಡಿದು ಬಿಡಿಸುತ್ತಾರೆ. ಕೇಡನ್ನು ಮುಚ್ಚಿಟ್ಟರೆ, ಅದನ್ನು ಎದುರಿಸಿದ ಒಗ್ಗಟ್ಟನ್ನೂ ಮಗುವಿನಿಂದ ಮುಚ್ಚಿಟ್ಟಂತೆ. ಇಂಥ ಚಿತ್ರ ಬಂದಾಗ ಟಿ.ವಿ. ಆರಿಸುವುದಕ್ಕಿಂತ ಮಗುವಿನ ಪಕ್ಕ ಕೂತು, ಕೇಳಿದ್ದಕ್ಕೆ ನಿಜ ಹೇಳುವುದು ಮೇಲು.