ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ
(ಮಾಸಿಕ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಇಂದು ನನ್ನ ಕಿವಿಯ ಬಗ್ಗೆ ಮಾತಾಡುತ್ತೇನೆ. ಇದು ನನ್ನೊಬ್ಬಳ ಕಷ್ಟವಲ್ಲ. ಈ ಸಭೆಯಲ್ಲೂ ಇಂಥವರು ಇರಬಹುದು.

ಮನೆಯಲ್ಲಿ ಒಬ್ಬರೇ ಎದುರು ಕುಳಿತು ಮಾತಾಡಿದರೆ ನನಗೆ ಎಲ್ಲವೂ ತಿಳಿಯುತ್ತದೆ. ದಾಸೋಹದ ಪಂಕ್ತಿಯಲ್ಲಿ, ತಟ್ಟೆ ಲೋಟಗಳ ಸದ್ದಿನ ನಡುವೆ, ಅದೇ ಮಾತು ಬರೀ ಗದ್ದಲವಾಗುತ್ತದೆ. ದನಿ ಕೇಳುತ್ತದೆ, ಪದ ಬಿಡಿಸಿಕೊಳ್ಳಲು ಆಗುವುದಿಲ್ಲ. ತಪಾಸಣೆ ಮಾಡಿಸಿದರೆ, "ಕಿವಿ ಸರಿಯಾಗಿದೆ ಅಮ್ಮಾ, ಲಕ್ಷ್ಯಕೊಟ್ಟು ಕೇಳಿ" ಎಂದರು.

ಆ ತಪಾಸಣೆ ಅಳೆಯುವುದೇನು? ನಿಶ್ಶಬ್ದ ಕೋಣೆಯಲ್ಲಿ, ಸಾಮಾನ್ಯವಾಗಿ 250ರಿಂದ 8,000 ಹರ್ಟ್ಸ್‌ವರೆಗಿನ ಒಂದೊಂದೇ ಸ್ವರ ಎಷ್ಟು ಮೆಲ್ಲಗಿದ್ದರೂ ಕೇಳುತ್ತದೆ ಎಂಬುದನ್ನು. ಗದ್ದಲದೊಳಗಿಂದ ಮಾತನ್ನು ಹೆಕ್ಕುವ ಶಕ್ತಿಯನ್ನು ಅದು ಅಳೆಯುವುದಿಲ್ಲ. 2009ರಲ್ಲಿ ಅಮೆರಿಕದ ಶರೋನ್ ಕುಜಾವಾ, ಚಾರ್ಲ್ಸ್ ಲಿಬರ್‌ಮನ್ ಇಲಿಗಳಲ್ಲಿ ಒಂದು ಸಂಗತಿ ಕಂಡರು: ಜೋರು ಸದ್ದಿನ ನಂತರ ಕೇಳುವ ಮಟ್ಟ ಮೊದಲಿನಂತಾಗಿತ್ತು, ಆದರೆ ಒಳಗಿವಿಯ ರೋಮಕೋಶಕ್ಕೂ ನರಕ್ಕೂ ನಡುವಿನ ಎಷ್ಟೋ ಕೊಂಡಿಗಳು ಕಳಚಿಹೋಗಿದ್ದವು. ಮನುಷ್ಯರಲ್ಲಿ ಇದರ ಪಾಲೆಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ. ಕೆಲವರಿಗೆ ಶ್ರವಣ ನರದ ತೊಂದರೆ, ಕೆಲವರಿಗೆ ಸದ್ದನ್ನು ವಿಂಗಡಿಸುವಲ್ಲಿ ಮಿದುಳಿಗೇ ತೊಡಕು. ಆದ್ದರಿಂದ ಗದ್ದಲದ ನಡುವೆ ಮಾತು ಕೇಳಿಸಿ ನೋಡುವ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ತಜ್ಞರಿದ್ದಾರೆ.

ಕಿವಿಗಿಂತ ಹೆಚ್ಚು ನೋಯಿಸಿದ್ದು ಜನರ ಮಾತು. ಉತ್ತರ ಕೊಡದಿದ್ದರೆ "ಈಕೆಗೆ ದೊಡ್ಡಸ್ತಿಕೆ" ಎಂದರು. ತಪ್ಪು ಉತ್ತರ ಕೊಟ್ಟರೆ ನಕ್ಕರು. ಇಂಥವರು ಮೊದಲು ಸುಮ್ಮನಾಗುತ್ತಾರೆ, ಆಮೇಲೆ ಸಭೆಗೆ ಬರುವುದನ್ನೇ ಬಿಡುತ್ತಾರೆ. ತರಗತಿಯಲ್ಲಿ ಇಂಥ ಮಗುವಿಗೆ "ದಡ್ಡ" ಎಂಬ ಹೆಸರು ಅಂಟುತ್ತದೆ. ಅನುಭವ ಮಂಟಪವನ್ನು ನೆನೆಯುವ ನಾವು ಸಹಭಕ್ತರನ್ನು ಹೀಗೆ ಹೊರಗಿಡಬಹುದೇ?

ನಾನು ಕೇಳುವುದು ಹಣ ಖರ್ಚಾಗುವ ಕೆಲಸವಲ್ಲ. ಧ್ವನಿವರ್ಧಕವನ್ನು ಇನ್ನೂ ಜೋರು ಮಾಡಬೇಡಿ. ಸಭಾಂಗಣ ಮೊಳಗಿದಷ್ಟೂ ಪದಗಳು ಕಲಸಿಹೋಗುತ್ತವೆ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಿ. ಮಾತಾಡುವವರ ಮುಖದ ಮೇಲೆ ಬೆಳಕಿರಲಿ. ಚರ್ಚೆಯ ವಿಷಯವನ್ನು ಹಲಗೆಯ ಮೇಲೆ ಬರೆಯಿರಿ. ತಿಳಿಯಲಿಲ್ಲ ಎಂದವರಿಗೆ "ಏನಿಲ್ಲ, ಬಿಡಿ" ಎನ್ನಬೇಡಿ. ಬೇರೆ ಪದಗಳಲ್ಲಿ ಇನ್ನೊಮ್ಮೆ ಹೇಳಿ.

ಮುಂದಿನ ತಿಂಗಳಿಂದ ಮೊದಲ ಸಾಲಿನಲ್ಲಿ ಇಂಥವರಿಗೆ ನಾಲ್ಕು ಜಾಗ ಇಡಿ. ಒಂದರಲ್ಲಿ ನಾನು ಕೂರುತ್ತೇನೆ. ಉಳಿದ ಮೂರಕ್ಕೆ, ಮನೆಯಲ್ಲೇ ಉಳಿದವರನ್ನು ನೀವು ಕರೆತನ್ನಿ.