ಆ ಐದು ಅಂಕ ಎಲ್ಲಿ ಹೋಯಿತು?
(ಬಾಲಯೇಸುವಿನ ಸಂತ ತೆರೇಸಾರವರ ಹಬ್ಬದ ಪ್ರಬೋಧನೆ)



ಇಂದು ಅಕ್ಟೋಬರ್ 1. ‘ಪುಟ್ಟ ಪುಷ್ಪ’ ಎಂದು ನಾವೆಲ್ಲರೂ ಪ್ರೀತಿಯಿಂದ ಕರೆಯುವ ಸಂತ ತೆರೇಸಾರವರ ಹಬ್ಬ. ನಮ್ಮ ಮನೆಗಳ ಗೋಡೆಯಲ್ಲಿರುವ ಅವರ ಚಿತ್ರಪಟದಲ್ಲಿ ಕೈತುಂಬ ಗುಲಾಬಿ, ಮುಖದಲ್ಲಿ ಮುಗುಳ್ನಗೆ. ಈ ಹುಡುಗಿಗೆ ಬಾಳಿನಲ್ಲಿ ಕಷ್ಟವೇ ಇರಲಿಲ್ಲವೇನೋ ಎನ್ನಿಸುತ್ತದೆ. ನಿಜ ಸಂಗತಿ ಬೇರೆ. 1873ರಲ್ಲಿ ಹುಟ್ಟಿದ ತೆರೇಸಾ ನಾಲ್ಕು ವರ್ಷದವಳಿದ್ದಾಗಲೇ ತಾಯಿಯನ್ನು ಕಳೆದುಕೊಂಡಳು. 1885ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಅವಳಿಗೆ ಒಂದು ವಿಚಿತ್ರ ಸಂಕಟ ಶುರುವಾಯಿತು. ತಾನು ಮಾಡಿದ್ದೆಲ್ಲ ತಪ್ಪು, ಯೋಚಿಸಿದ್ದೆಲ್ಲ ಪಾಪ ಎಂಬ ಭಯ. ಸುಮಾರು ಒಂದೂವರೆ ವರ್ಷ ಆ ಮಗು ಇದರಲ್ಲೇ ಬೆಂದಿತು. ಪ್ರತಿದಿನ ಅಕ್ಕ ಮರಿಯಳ ಮುಂದೆ ಎಲ್ಲವನ್ನೂ ಹೇಳಿಕೊಂಡು ಅಳುತ್ತಿದ್ದಳು. ಹೇಳಿ ಮುಗಿಸಿದ ಗಳಿಗೆ ಹಗುರ. ಮರುಗಳಿಗೆ ಮತ್ತೊಂದು ಭಯ. ಶಾಲೆಯನ್ನೂ ಬಿಡಬೇಕಾಯಿತು.

ಧರ್ಮಸಭೆ ಈ ಸಂಕಟವನ್ನು ಶತಮಾನಗಳಿಂದ ಬಲ್ಲದು. ಲತೀನಿನಲ್ಲಿ ಇದಕ್ಕಿರುವ ಹೆಸರಿನ ಮೂಲ ಅರ್ಥ ‘ಚೂಪಾದ ಸಣ್ಣ ಕಲ್ಲು’. ಚಪ್ಪಲಿಯೊಳಗೆ ಸಿಕ್ಕಿಕೊಂಡ ಹರಳಿನ ಹಾಗೆ. ನೋಡುವವರಿಗೆ ಕಾಣುವುದಿಲ್ಲ, ನಡೆಯುವವನಿಗೆ ಹೆಜ್ಜೆ ಹೆಜ್ಜೆಗೂ ಚುಚ್ಚುತ್ತದೆ. ಸಂತ ಇಗ್ನಾಸಿಯವರಿಗೂ 1522ರಲ್ಲಿ ಮನ್ರೇಸಾದಲ್ಲಿ ಇದೇ ಕಲ್ಲು ಚುಚ್ಚಿತ್ತು.

ಈಗ ಈ ಕಲ್ಲು ಪಾಪನಿವೇದನೆಯ ಪೀಠಕ್ಕಿಂತ ಹೆಚ್ಚಾಗಿ ಅಂಕಪಟ್ಟಿಯಲ್ಲಿ ಸಿಗುತ್ತದೆ. ವಿಶ್ವವಿದ್ಯಾನಿಲಯಗಳ ಮನಶ್ಶಾಸ್ತ್ರಜ್ಞರು ಇದನ್ನು ಪರಿಪೂರ್ಣತೆಯ ಗೀಳು ಎಂದು ಗುರುತಿಸಿ, ಹಲವು ದಶಕಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ಕೆನಡಾ ದೇಶದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಎಂಬ ಇಬ್ಬರು ಪ್ರಾಧ್ಯಾಪಕರು 1991ರಲ್ಲಿ ಇದರಲ್ಲಿ ಮೂರು ಬಗೆಯನ್ನು ತೋರಿಸಿಕೊಟ್ಟರು. ತನ್ನಲ್ಲಿ ಒಂದು ಕುಂದೂ ಇರಬಾರದೆಂದು ತನಗೆ ತಾನೇ ಕಟ್ಟುಪಾಡು ಹಾಕಿಕೊಳ್ಳುವುದು ಒಂದು. ಹೆಂಡತಿ, ಮಕ್ಕಳು, ಕೈಕೆಳಗಿನವರು ಕುಂದಿಲ್ಲದೆ ಇರಬೇಕೆಂದು ಪಟ್ಟು ಹಿಡಿಯುವುದು ಇನ್ನೊಂದು. ಮೂರನೆಯದು, ‘ನಾನು ಕುಂದಿಲ್ಲದೆ ಇದ್ದರೆ ಮಾತ್ರ ನನ್ನವರು ನನ್ನನ್ನು ಒಪ್ಪುತ್ತಾರೆ’ ಎಂದು ನಂಬಿ ಬದುಕುವುದು. ಖಿನ್ನತೆ, ಆತಂಕಗಳ ಜೊತೆ ಬಲವಾಗಿ ಕೂಡಿಕೊಂಡಿರುವುದು ಈ ಮೂರನೆಯದೇ.

ಇಂಗ್ಲೆಂಡಿನ ಥಾಮಸ್ ಕರನ್ ಮತ್ತು ಆಂಡ್ರೂ ಹಿಲ್ ಎಂಬ ಸಂಶೋಧಕರು 1989ರಿಂದ 2016ರವರೆಗೆ ಅಮೆರಿಕ, ಕೆನಡಾ, ಬ್ರಿಟನ್ ದೇಶಗಳ 41,641 ಕಾಲೇಜು ವಿದ್ಯಾರ್ಥಿಗಳು ಕೊಟ್ಟ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದರು. ಮೂರೂ ಬಗೆಗಳು ಏರಿದ್ದವು. ಮೂರನೆಯದು ಶೇಕಡ 33ರಷ್ಟು ಏರಿತ್ತು. 2022ರಲ್ಲಿ ಅವರೇ ಪ್ರಕಟಿಸಿದ ಮತ್ತೊಂದು ಅಧ್ಯಯನದ ಪ್ರಕಾರ, ತಂದೆತಾಯಿಯರ ನಿರೀಕ್ಷೆ ಮತ್ತು ಟೀಕೆ ಎರಡೂ ಹೆಚ್ಚುತ್ತಿವೆ ಎಂದು ಅಲ್ಲಿನ ಯುವಜನರಿಗೆ ಅನ್ನಿಸುತ್ತಿದೆ.

“ಸ್ವಾಮಿ, ಅದು ಇಂಗ್ಲೆಂಡು ಅಮೆರಿಕದ ಮಾತು, ನಮ್ಮ ಕೊಳ್ಳೇಗಾಲಕ್ಕೂ ಹನೂರಿಗೂ ಏನು ಸಂಬಂಧ?” ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆ ಅಂಕಿಅಂಶಗಳನ್ನು ಎತ್ತಿ ತಂದು ನಮ್ಮ ಮಕ್ಕಳ ತಲೆಯ ಮೇಲೆ ಇಡುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಹನ್ನೆರಡು ರಾಜ್ಯಗಳಲ್ಲಿ ಪಕ್ಕದ ತಮಿಳುನಾಡು, ಕೇರಳಗಳಿದ್ದವು, ನಮ್ಮ ರಾಜ್ಯವಿರಲಿಲ್ಲ. 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇರುವುದು ಅದರಲ್ಲಿ ಕಂಡಿತು. 2022ರಲ್ಲಿ ನಮ್ಮ ದೇಶದಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044 ಎಂದು ಸರ್ಕಾರದ ಅಪರಾಧ ದಾಖಲೆಯೇ ಹೇಳುತ್ತದೆ. ಅವರೆಲ್ಲರಿಗೂ ಇದೊಂದೇ ಕಾರಣವೆನ್ನುವುದು ತಪ್ಪು. ಅಂಥ ಸಾವಿಗೆ ಹಲವು ಕಾರಣಗಳು ಒಟ್ಟು ಸೇರಿರುತ್ತವೆ. ಆದರೂ ಆ ಸಂಖ್ಯೆಯ ಮುಂದೆ ನಿಂತು, ನಮ್ಮ ಮನೆಯ ಮಾತುಕತೆ ಹೇಗಿದೆಯೆಂದು ನೋಡಿಕೊಳ್ಳದೆ ಇರಲಾದೀತೇ?

ನೋಡೋಣ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಮಗಳಿಗೆ 625ಕ್ಕೆ 590 ಬಂದಿದೆ. ಅಪ್ಪ ಫೋನು ಹಿಡಿದು ಕೇಳುವ ಮೊದಲ ಮಾತು, “ಗಣಿತದಲ್ಲಿ ಆ ಐದು ಮಾರ್ಕ್ಸ್ ಎಲ್ಲಿಗೋಯ್ತು ಮಗಾ?” ಅಪ್ಪ ಕೆಟ್ಟವನಲ್ಲ. ಮಗಳಿಗಾಗಿ ಬೆಂಗಳೂರಿನಲ್ಲೋ ಕೊಡಗಿನ ತೋಟದಲ್ಲೋ ಬೆವರು ಸುರಿಸುವವನು. ಸಂತೋಷವನ್ನು ಹೇಗೆ ಹೇಳಬೇಕೆಂದು ತಿಳಿಯದೆ ಹಾಗೆ ಕೇಳಿರಬಹುದು. ಆದರೆ ಮಗಳ ಕಿವಿಗೆ ಬಿದ್ದದ್ದು ಐದು ಮಾತ್ರ. 590 ಕೇಳಿಸಲೇ ಇಲ್ಲ. ಸಂಜೆ ಚಿಕ್ಕಪ್ಪ, ಸೋದರತ್ತೆ, ಪಕ್ಕದ ಮನೆಯವರು ಎಲ್ಲರೂ ಕೇಳುತ್ತಾರೆ. ಪೇಟೆಯ ಬೀದಿಯಲ್ಲಿ ಕಾಲೇಜುಗಳ ಫ್ಲೆಕ್ಸು. ಅದರಲ್ಲಿ ನಗುವ ಮುಖಗಳು, ಇವಳ ಮುಖವಿಲ್ಲ. ಆ ಭಾನುವಾರ ಬಲಿಪೂಜೆಗೆ ಬರಲೂ ನಾಚಿಕೆ. ಫಲಿತಾಂಶ ಬಂದ ವಾರ ಗಾಯನ ವೃಂದದಲ್ಲಿ ಎಷ್ಟು ಜಾಗ ಖಾಲಿಯಿರುತ್ತದೆ ಎಂಬುದನ್ನು ಬಲಿಪೀಠದ ಬಳಿ ನಿಂತವರಿಗೆ ಕೇಳಿ.

ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ಹೊರೆಯಿದೆ. ಪೇಟೆಯವರಿಗೆ ಇದು ಅಷ್ಟಾಗಿ ತಿಳಿಯದು. ಮಾರ್ಟಳ್ಳಿಯ ಕಡೆಯ ಮಗು ಮನೆಯಲ್ಲಿ ತಮಿಳು ಮಾತನಾಡುತ್ತದೆ, ಶಾಲೆಯಲ್ಲಿ ಕನ್ನಡ ಕಲಿಯುತ್ತದೆ, ಪಿಯುಸಿಗೆ ಮೈಸೂರಿಗೆ ಹೋದರೆ ಎಲ್ಲವೂ ಇಂಗ್ಲಿಷ್. ಯಳಂದೂರಿನ ಬೆಟ್ಟದ ಸೋಲಿಗರ ಮಗುವಿಗೂ ಮನೆಯ ಮಾತು ಬೇರೆ, ಪುಸ್ತಕದ ಮಾತು ಬೇರೆ. ಬಾಯಿ ತೆರೆದರೆ ತಪ್ಪಾದೀತೆಂದು ತರಗತಿಯಲ್ಲಿ ಬಾಯಿಯನ್ನೇ ತೆರೆಯದೆ ಎರಡು ವರ್ಷ ಕಳೆಯುವ ಮಕ್ಕಳಿದ್ದಾರೆ. ಮೇಲಾಗಿ ಆ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ಅವರೇ. ಸೋತರೆ ತಾನೊಬ್ಬನೇ ಸೋತಂತಲ್ಲ, ಇಡೀ ಮನೆ ಸೋತಂತೆ ಎಂಬ ಲೆಕ್ಕ ಅವರದು.

ಹಾಗಾದರೆ ಚೆನ್ನಾಗಿ ಓದಬೇಡಿ ಎಂದು ಗುರುಗಳು ಹೇಳಿದರೆಂದು ಮಕ್ಕಳು ಯಾರೂ ಮನೆಗೆ ಹೋಗಿ ಹೇಳಬಾರದು! ಸಂಶೋಧಕರೂ ಇಲ್ಲಿ ಒಂದು ಗೆರೆ ಎಳೆಯುತ್ತಾರೆ. ಎತ್ತರದ ಗುರಿಯಿಟ್ಟು ದುಡಿಯುವುದು ಬೇರೆ, ತಪ್ಪಾದೀತೆಂದು ಹೆದರಿ ನಡುಗುವುದು ಬೇರೆ. ಮೊದಲನೆಯವನು ತಪ್ಪಿದರೆ ಲೆಕ್ಕವನ್ನು ತಿದ್ದುತ್ತಾನೆ. ಎರಡನೆಯವನು ತಪ್ಪಿದರೆ ತಾನೇ ತಪ್ಪು ಎಂದುಕೊಳ್ಳುತ್ತಾನೆ. ಮನಸ್ಸನ್ನು ಮುಖ್ಯವಾಗಿ ಕೊರೆಯುವುದು ಈ ಎರಡನೆಯದು. ಹೊರಗಿನಿಂದ ಇಬ್ಬರೂ ಒಂದೇ ತರಹ ಕಾಣುತ್ತಾರೆ, ರಾತ್ರಿ ಹನ್ನೊಂದರವರೆಗೆ ದೀಪ ಹಚ್ಚಿಕೊಂಡು ಓದುತ್ತಿರುತ್ತಾರೆ. ಆದ್ದರಿಂದಲೇ ನಮಗೆ ಗೊತ್ತಾಗುವುದಿಲ್ಲ.

“ಪ್ರಭು ಯೇಸುವೇ ಪರಿಪೂರ್ಣರಾಗಿರಿ ಎಂದಿಲ್ಲವೇ?” ಎಂದು ಉಪದೇಶಿಗಳೊಬ್ಬರು ನಮ್ಮನ್ನು ಕೇಳಿದ್ದುಂಟು. ಹೌದು, ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಆ ಮಾತಿದೆ. ಆದರೆ ಅದಕ್ಕೆ ಮೊದಲು ಪ್ರಭು ಏನನ್ನು ಹೇಳುತ್ತಿದ್ದರು? ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಒಂದೇ ಸೂರ್ಯನನ್ನು ಉದಯಿಸುವ ಪಿತನ ಕುರಿತು, ಶತ್ರುಗಳನ್ನೂ ಪ್ರೀತಿಸುವ ಕುರಿತು. ಅಲ್ಲಿ ಅಂಕದ ಮಾತಿಲ್ಲ. ಲೂಕನ ಶುಭಸಂದೇಶದಲ್ಲಿ ಅದೇ ಜಾಗದಲ್ಲಿ ‘ದಯೆ’ ಎಂಬ ಪದವೇ ಬರುತ್ತದೆ. ಮತ್ತಾಯನು ಬಳಸಿದ ಗ್ರೀಕ್ ಪದಕ್ಕೆ ಪೂರ್ಣವಾಗಿ ಬೆಳೆದದ್ದು, ಮಾಗಿದ್ದು ಎಂಬ ಅರ್ಥವೂ ಇದೆ.

ಮಾಗುವುದೆಂದರೇನೆಂದು ಕೊಳ್ಳೇಗಾಲದ ಸೀಮೆಯ ರೇಷ್ಮೆ ಬೆಳೆಗಾರರಿಗೆ ನಾವು ಹೇಳಿಕೊಡಬೇಕೇ? ಹುಳು ಹಣ್ಣಾಗುವ ಮೊದಲು ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ. ತಲೆ ಎತ್ತಿಕೊಂಡು ಅಲುಗದೆ ನಿಲ್ಲುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಆಗ ಯಾವ ರೈತನೂ “ನಿನ್ನೆ ಇಷ್ಟು ತಿಂದೆ, ಇವತ್ತು ಯಾಕೆ ತಿನ್ನಲಿಲ್ಲ?” ಎಂದು ಗದರುವುದಿಲ್ಲ. ಸೊಪ್ಪು ಹಾಕುವುದನ್ನು ನಿಲ್ಲಿಸಿ, ತಟ್ಟೆ ಅಲುಗಿಸದೆ, ಪೊರೆ ಬಿಡುವವರೆಗೆ ಕಾಯುತ್ತಾನೆ. ಹುಳುವಿಗೆ ಕೊಡುವ ಈ ತಾಳ್ಮೆಯನ್ನು ಹದಿನಾರು ವರ್ಷದ ಮಗನಿಗೂ ಕೊಡಬಹುದಲ್ಲವೇ? ಇನ್ನು ನೂಲು ಬಿಚ್ಚುವ ಮನೆಯಲ್ಲಿ ಎಳೆ ಕಡಿಯದ ದಿನವಿದೆಯೇ? ಕಡಿದಾಗ ಮತ್ತೊಂದು ಗೂಡಿನ ಎಳೆ ಸೇರಿಸಿ ಮುಂದುವರಿಸುತ್ತಾರೆ. ಸಂತ ತೆರೇಸಾರ ತಾಯಿ ಜೇಲಿಯವರ ಕಸುಬೂ ಇಂಥದ್ದೇ. ಅಲಾಂಸೋನ್ ಊರಿನ ಲೇಸು ಹೆಣೆಯುವ ಆಕೆ, ಬೇರೆ ಬೇರೆ ಹೆಂಗಸರು ಹೆಣೆದ ತುಂಡುಗಳನ್ನು ಜೋಡುತ್ತಿದ್ದರು. 2015ರಲ್ಲಿ ಆಕೆ ಮತ್ತು ಆಕೆಯ ಪತಿ ಲೂಯಿ ಇಬ್ಬರೂ ಸಂತರೆಂದು ಘೋಷಿತರಾದರು.

ತೆರೇಸಾ ಆ ಕಲ್ಲಿನಿಂದ ಹೇಗೆ ಬಿಡುಗಡೆ ಹೊಂದಿದಳು? ಇನ್ನಷ್ಟು ಬಿಗಿಯಾಗಿ ಪ್ರಯತ್ನಿಸಿ ಅಲ್ಲ. 1886ರ ಅಕ್ಟೋಬರಿನಲ್ಲಿ ಅಕ್ಕ ಮರಿಯಳೂ ಮಠ ಸೇರಿದ ಮೇಲೆ ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಉಳಿಯಲಿಲ್ಲ. ಆಗ ಎಳೆತನದಲ್ಲೇ ತೀರಿಕೊಂಡಿದ್ದ ತನ್ನ ನಾಲ್ವರು ಒಡಹುಟ್ಟಿದವರನ್ನು ನೆನೆದು, ಮನೆಮಂದಿಯೊಡನೆ ಮಾತನಾಡುವಂತೆ ಸಹಾಯ ಬೇಡಿದಳು; ಮನಸ್ಸಿಗೆ ಶಾಂತಿ ಬಂತು. ಮುಂದೆ ಮಠದಲ್ಲಿ ಪ್ರಾರ್ಥನೆಯ ಹೊತ್ತಿನಲ್ಲೇ ಆಕೆಗೆ ನಿದ್ದೆ ಬರುತ್ತಿತ್ತು. ಅದಕ್ಕಾಗಿ ಆಕೆ ಕೊರಗಲಿಲ್ಲ. ಮಕ್ಕಳು ಎಚ್ಚರವಿದ್ದರೂ ಮಲಗಿದ್ದರೂ ತಂದೆತಾಯಿಗೆ ಒಂದೇ ಎಂದು ಬರೆದಿಟ್ಟಿದ್ದಾರೆ. 24ನೆಯ ವಯಸ್ಸಿಗೆ ತೀರಿಕೊಂಡ ಈ ಕನ್ಯಾಸ್ತ್ರೀಯನ್ನು 1997ರಲ್ಲಿ ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದರು. ಹದಿಮೂರಕ್ಕೇ ಶಾಲೆ ಬಿಟ್ಟವಳು!

ಕೊನೆಯದಾಗಿ ಎರಡು ತಿಳಿವಳಿಕೆಯ ಮಾತು. 2023–24ನೇ ಸಾಲಿನಲ್ಲಿ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದು, ಎರಡು, ಮೂರು ಎಂದು ಮೂರು ಪರೀಕ್ಷೆಗಳನ್ನು ಜಾರಿಗೆ ತಂದರು. ಹಿಂದಿನ ಪೂರಕ ಪರೀಕ್ಷೆ ಎಂಬ ಹೆಸರನ್ನೇ ತೆಗೆದುಹಾಕಿದ್ದಾರೆ. ಮನೆಯಲ್ಲಿ ಇನ್ನೂ ಆ ಹೆಸರು ಹೇಳಿ ಹಂಗಿಸುವುದು ಬೇಡ. ಇನ್ನು, ಮಗು ಸರಿಯಾಗಿ ಊಟ ಮಾಡದೆ, ನಿದ್ದೆ ಮಾಡದೆ, ಯಾರೊಡನೆಯೂ ಸೇರದೆ ವಾರಗಟ್ಟಲೆ ಇದ್ದರೆ, ಅಥವಾ ಬದುಕೇ ಬೇಡ ಎಂಬ ಮಾತು ಒಂದು ಸಲ ಬಾಯಿಂದ ಬಂದರೂ, ಅದನ್ನು ನಾಟಕವೆನ್ನಬೇಡಿ, ದೃಷ್ಟಿ ತೆಗೆದು ಸುಮ್ಮನಾಗಬೇಡಿ, ಒಂಟಿಯಾಗಿ ಬಿಡಬೇಡಿ. 2022ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಕರೆಗೆ ಹಣವಿಲ್ಲ. ಸಂಖ್ಯೆಯನ್ನು ದೇವಾಲಯದ ಫಲಕದಲ್ಲಿ ಬರೆಸಿದ್ದೇವೆ. ಪ್ರಾರ್ಥನೆಯೂ ಬೇಕು, ವೈದ್ಯರೂ ಬೇಕು. ಒಂದನ್ನು ಮಾಡಿದರೆ ಇನ್ನೊಂದು ಬೇಡವೆಂದು ಧರ್ಮಸಭೆ ಎಂದೂ ಕಲಿಸಿಲ್ಲ.

ಈಗ ವಿಶ್ವಾಸಿಗಳ ಪ್ರಾರ್ಥನೆಗಾಗಿ ಎದ್ದು ನಿಲ್ಲೋಣ. ಈ ವರ್ಷ ಮತ್ತೆ ಪರೀಕ್ಷೆ ಬರೆದ ಮಕ್ಕಳು ಮೊದಲ ಬಿನ್ನಹವನ್ನು ಓದುತ್ತಾರೆ.