ವಲಸೆ ಬಂದ ಅಜ್ಜನ ಋಣ



ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಅಜ್ಜಂದಿರು 1948ರ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಹಳ್ಳಿಯ ಹೊಲ-ಮನೆ ಬಿಟ್ಟು ಬಂದವರು. ಅಂದು ಆಶ್ರಯ ಕೊಟ್ಟು ಪ್ರಾಣ ಉಳಿಸಿದ ಹಿಂದೂ ನೆರೆಯವರೂ ಇದ್ದರು. ಆ ದಿನಗಳನ್ನು ಕಂಡು ನೆನಪಿಟ್ಟವರು ಈಗ ಎಂಬತ್ತು ದಾಟಿದ್ದಾರೆ. ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ.

ಹಝ್ರತ್ ಸಲ್ಮಾನ್ ಫಾರಿಸಿ(ರ) ಪರ್ಷಿಯಾದಿಂದ ಹೊರಟು ಗುಲಾಮರಾಗಿ ಮದೀನಾ ತಲುಪಿದವರು. ಅವರ ಬಿಡುಗಡೆಗೆ ಸಹಾಬಿಗಳು ಖರ್ಜೂರದ ಸಸಿಗಳನ್ನು ಕೂಡಿಸಿದರು. ಪ್ರವಾದಿ(ಸ) ಸ್ವತಃ ನೆಟ್ಟರು. ದೀರ್ಘಕಾಲ ಬಾಳಿದ ಸಲ್ಮಾನ್(ರ), ಮದಾಇನ್‌ನ ಗವರ್ನರ್ ಆದಾಗಲೂ ಬುಟ್ಟಿ ಹೆಣೆದು ಉಂಡರು. ಪರವೂರಿನಲ್ಲಿ ಬೇರೂರಿದವನ ಬಾಳಿನ ಹಿಂದೆ ಇತರರ ಕೈಗಳೂ ಇರುತ್ತವೆ.

ತಂದೆಯ ಸ್ನೇಹಿತರೊಂದಿಗೆ ಸಂಬಂಧ ಉಳಿಸಿಕೊಳ್ಳುವುದು ದೊಡ್ಡ ಸತ್ಕರ್ಮವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಅಜ್ಜನ ವಿಷಯದಲ್ಲೂ ಇದೇ ದಾರಿ. ಅವರ ಸಾಲವಿದ್ದರೆ ತೀರಿಸೋಣ. ಮಕ್ಕಳೊಂದಿಗೆ ಆ ಹಳ್ಳಿಗೆ ಹೋಗಿ ಕಬರಸ್ಥಾನದಲ್ಲಿ ದುಆ ಮಾಡೋಣ. ಆಶ್ರಯ ಕೊಟ್ಟ ಮನೆಯವರನ್ನು ಕಂಡು ಕ್ಷೇಮ ವಿಚಾರಿಸೋಣ. ಅಜ್ಜ ಬದುಕಿದ್ದರೆ ಇಂದೇ ಅವರ ಬಳಿ ಕುಳಿತು ಕೇಳೋಣ: ಯಾರ ಋಣ ನಮ್ಮ ಮೇಲಿದೆ?

ಅಲ್ಲಾಹನು ನಮ್ಮ ಹಿರಿಯರ ಮೇಲೆ ಕರುಣೆ ತೋರಲಿ. ಆಮೀನ್.